ಕಾಗೆಗಣಿವೆಯ ಜೊತೆಗಾತಿ

ಶಾಂತಿ ಬರುತ್ತದೆ ಎಂದರೆ ಯೆಮೆನ್ನಿನ ನಮ್ಮ ಮೂಲೆಯಲ್ಲಿ ಮೊದಲು ಬರುವುದು ಬಿಳಿ ಕಾರುಗಳು. ಅವುಗಳ ಹಿಂದೆ ಬಾವುಟ, ಬಾವುಟದ ಹಿಂದೆ ಪೆಟ್ಟಿಗೆಗಟ್ಟಲೆ ನೀರಿನ ಬಾಟಲಿ. ಶಾಂತಿ ಕೊನೆಯಲ್ಲಿ ಬಂದರೆ ಬಂತು, ಬಾರದಿದ್ದರೆ ಬಾಟಲಿಯಾದರೂ ಉಳಿಯುತ್ತದೆ. ಹೆಂಗಸರು ಅದರಲ್ಲಿ ಎಳ್ಳೆಣ್ಣೆ ತುಂಬಿಸಿ ಇಡುತ್ತಾರೆ.

ಈ ಸಲ ಮಾತುಕತೆಗೆಂದು ರಹಬಾ ಪಟ್ಟಣದ ಕಾಲೇಜನ್ನು ಗೊತ್ತು ಮಾಡಿದ್ದರು. ಗುಂಡಿನ ತೂತು ಮುಚ್ಚಿ, ಸುಣ್ಣ ಬಳಿದು, ಒಳಗೊಂದು ಉದ್ದನೆಯ ಮೇಜು ಇಟ್ಟಿದ್ದರು. ಒಂದು ಪಕ್ಕ ಸರ್ಕಾರದವರು, ಇನ್ನೊಂದು ಪಕ್ಕ ಬೆಟ್ಟದವರು, ತಲೆಯ ಕಡೆ ಮೂರು ದೇಶಗಳ ರಾಯಭಾರಿಗಳು. ಖರ್ಚೆಲ್ಲ ಆ ಮೂರು ದೇಶಗಳದ್ದು. ಸರ್ಕಾರದವರು ಆಗಲೇ ವಿಮಾನದಲ್ಲಿ ಬಂದಿಳಿದು ಕಾಲು ಚಾಚಿಕೊಂಡಿದ್ದರು. ಬರಬೇಕಾದವನು ಶಾಯಿಫ್ ಒಬ್ಬನೇ.

ಶಾಯಿಫ್ ಬೆಟ್ಟದವರ ದಂಡಿನ ಮುಖ್ಯಸ್ಥ. ಅವನ ಬೆಟ್ಟಕ್ಕೂ ರಹಬಾಕ್ಕೂ ನಡುವೆ ಇರುವುದು ನಮ್ಮೂರ ವಿಧವೆ ಕೌಕಬಳ ಕುಲದ ನೆಲ, ಆ ನೆಲದಲ್ಲಿ ಕಾಗೆಗಣಿವೆ. ದಾರಿ ಎಂಬುದಿದ್ದರೆ ಅದೊಂದೇ. ಈ ಕುಲದವರು ಸರ್ಕಾರದ ಕಡೆಗೂ ಸೇರಿದವರಲ್ಲ, ಬೆಟ್ಟದವರ ಕಡೆಗೂ ಸೇರಿದವರಲ್ಲ. ಆದ್ದರಿಂದ ಇಬ್ಬರಿಂದಲೂ ಏಟು ತಿನ್ನುವ ಭಾಗ್ಯ ಅವರದಾಗಿತ್ತು.

"ಮೂರು ದೇಶ ಸಹಿ ಹಾಕಿವೆ, ಧೈರ್ಯವಾಗಿ ಬಾ" ಎಂದು ಹೇಳಿ ಕಳಿಸಿದರೆ, ಶಾಯಿಫ್, "ಸಹಿಗೇನು, ಗುಂಡು ತಾಗುತ್ತಾ?" ಎಂದು ತಿರುಗಿ ಕೇಳಿದನಂತೆ. ಕೊನೆಗೆ ಅವನೇ ಒಂದು ದಾರಿ ಸೂಚಿಸಿದ. "ಕೌಕಬ ಮುಖ ಕೊಟ್ರೆ ಬರ್ತೀನಿ. ಇಲ್ಲಾಂದ್ರೆ ನಿಮ್ಮ ಮೇಜು ನಿಮಗೆ, ನನ್ನ ಬೆಟ್ಟ ನನಗೆ."

ಮುಖ ಕೊಡುವುದೆಂದರೆ ಜೊತೆಗಾರನಾಗಿ ಹೋಗುವುದು. ಹಗೆಯ ನೆಲ ದಾಟುವವನ ಪಕ್ಕದಲ್ಲಿ ಆ ನೆಲದ ಕುಲದವರೊಬ್ಬರು ಎಲ್ಲರಿಗೂ ಕಾಣುವ ಹಾಗೆ ಕೂರುತ್ತಾರೆ. ಅವನು ತಿರುಗಿ ತನ್ನ ಮನೆ ಮುಟ್ಟುವ ತನಕ ಅವನ ಜೀವ ಇವರ ಮುಖ. ನಡುದಾರಿಯಲ್ಲಿ ಅವನಿಗೇನಾದರೂ ಆದರೆ ಇಡೀ ಕುಲದ ಮುಖಕ್ಕೆ ಮಸಿ. ಆ ಮಸಿ ತೊಳೆಯಲು ಒಂದೇ ದಾರಿ, ಕೊಂದವನನ್ನು ಕುಲದವರೇ ಕೊಲ್ಲಬೇಕು, ಅವನು ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಆಗಿರಲಿ. ಹೆಂಗಸು ಜೊತೆ ಕೂತರಂತೂ ಮುಗಿಯಿತು. ಆ ಕಾರಿನ ಕಡೆ ಕಲ್ಲೆಸೆಯುವ ಗಂಡಸು ಕೂಡ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ಆದರೂ ಊರು ಬಾಯಿ ಮೇಲೆ ಕೈಯಿಟ್ಟುಕೊಂಡಿತು. ಏಕೆಂದರೆ ಹಿಂದಿನ ವರ್ಷ ಕೌಕಬಳ ಹಿರಿಮಗ ಹಿಜಾಮ್ ಈರುಳ್ಳಿ ಲಾರಿ ಹೊಡೆದುಕೊಂಡು ಹೋಗುವಾಗ ಶಾಯಿಫನ ಕಾವಲಿನವರು ಗುಂಡಿಟ್ಟಿದ್ದರು. ಲಾರಿ ನಿಲ್ಲಿಸಲು ಹೇಳಿದರಂತೆ, ಇವನಿಗೆ ಕೇಳಿಸಲಿಲ್ಲವಂತೆ. ಗಂಡ ಎಂದೋ ಜ್ವರದಲ್ಲಿ ಹೋಗಿದ್ದ. ಕೌಕಬಳಿಗೆ ಉಳಿದದ್ದು ಚಿಕ್ಕ ಮಗ ನಶ್ವಾನ್. ಮೀಸೆ ಚಿಗುರಿದ ದಿನದಿಂದ ಅವನನ್ನು ಸರ್ಕಾರದವರು ಒಂದು ಕಡೆಯಿಂದ ಕರೆಯುತ್ತಿದ್ದರು, ಬೆಟ್ಟದವರ ಮೇಲಿನ ಹಗೆ ಇನ್ನೊಂದು ಕಡೆಯಿಂದ ಕರೆಯುತ್ತಿತ್ತು.

ಶೇಖ್ ಆಗಿದ್ದ ಅವಳಣ್ಣ ಹಮೂದ್ ಬಂದು ತಲೆ ತಗ್ಗಿಸಿ ಕೇಳಿದಾಗ ಕೌಕಬ ಹೆಚ್ಚು ಯೋಚಿಸಲಿಲ್ಲ. ದಾರಿ ತೆರೆಯಲಿ, ಬಂದೂಕು ಇಳಿಯಲಿ, ಒಬ್ಬನಾದರೂ ಉಳಿಯಲಿ ಎಂದುಕೊಂಡಳು. ಹೂಂ ಎಂದಳು.

ಶಾಯಿಫ್ ಬರಬೇಕಿದ್ದ ಮಧ್ಯಾಹ್ನ ಅವಳು ಅಂಗಳದಲ್ಲಿ ಕೂತು ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ನಶ್ವಾನ್ ಗೋಡೆಗೊರಗಿ, ಒಂದು ಕೆನ್ನೆ ಉಬ್ಬಿಸಿಕೊಂಡು ಅಮಲಿನ ಖಾತ್ ಎಲೆ ಮೆಲ್ಲುತ್ತಿದ್ದ.

"ಎಷ್ಟು ನುಣ್ಣಗೆ ಜರಡಿ ಹಿಡಿತೀಯವ್ವಾ! ಅಣ್ಣನ್ನ ಕೊಂದೋನ ಗಂಟಲಲ್ಲಿ ತರಿ ಸಿಕ್ಕೊಂಡೀತು ಅಂತಾನಾ?"

"ನಿನ್ನ ಗಂಟಲಲ್ಲೇ ಏನೋ ಸಿಕ್ಕೊಂಡ ಹಾಗಿದೆ. ಉಗಿದು ಮಾತಾಡು."

"ಹೆತ್ತೋಳು ಬಡಿಸ್ತಾಳಾ ಅಂಥೋನಿಗೆ?"

"ಬಡಿಸ್ತಾಳೆ ಕಣೋ. ಇನ್ನೊಬ್ಬನ್ನ ಉಳಿಸ್ಕೋಬೇಕು ಅಂದ್ರೆ ಬಡಿಸ್ತಾಳೆ, ಕೈ ತೊಳೆಯೋಕೆ ನೀರೂ ಹುಯ್ತಾಳೆ. ನಿನಗೆ ಅಣ್ಣ ಆದ್ರೆ ನನಗೆ ಹೊತ್ತು ಹೆತ್ತ ಮಗ. ನಿನಗಿಂತ ನನಗೆ ಕಮ್ಮಿ ಉರಿ ಅಂದ್ಕೊಂಡ್ಯಾ?" ಜರಡಿ ಕೆಳಗಿಟ್ಟಳು. "ಇಲ್ನೋಡು. ನನ್ನ ಅತಿಥಿ ಮೇಲೆ ಕೈ ಮಾಡ್ತೀಯಾ?"

ನಶ್ವಾನ್ ಬಾಯಲ್ಲಿದ್ದ ಎಲೆಯನ್ನು ಉಗಿದ. ಆಮೇಲೆ, "ನಿನ್ನ ಕೈ ಯಾವನ ಮೇಲಿರುತ್ತೋ ಅವನ ಮೇಲೆ ನನ್ನ ಕೈ ಬೀಳಲ್ಲ. ಅಲ್ಲಾನಾಣೆ" ಎಂದ.

ಕೌಕಬಳಿಗೆ ಜೀವ ಬಂದ ಹಾಗಾಯಿತು. ನಮ್ಮ ಜನ ಸುಳ್ಳು ಹೇಳುವುದಿಲ್ಲವೆಂದಲ್ಲ, ಬೇಕಾದಷ್ಟು ಹೇಳುತ್ತಾರೆ. ಆಣೆ ಇಟ್ಟು ಹೇಳುವುದಿಲ್ಲ, ಅಷ್ಟೇ. ಅದಕ್ಕಾಗಿಯೇ ಆಣೆಯ ಮಾತನ್ನು ಬಹಳ ಅಳೆದು ಆಡುತ್ತಾರೆ. ಅಳತೆ ಎಷ್ಟೆಂದು ಅವಳು ಆಗ ನೋಡಲಿಲ್ಲ.

ಸಂಜೆಗೆ ಶಾಯಿಫ್ ಬಂದ. ಅವನ ಕಾವಲಿನವರು ಗಡಿಗಲ್ಲಿನಲ್ಲೇ ಹಿಂದಕ್ಕೆ ಹೋದರು. ಅಲ್ಲಿಂದ ಈಚೆಗೆ ಅವನೊಬ್ಬನೇ, ಕೌಕಬ ಎದುರುಗೊಂಡು ಕರೆತಂದಳು. ಊರಿಗೆ ಊರೇ ಹುಲಿ ಎಂದು ಹೆಸರಿಟ್ಟಿದ್ದವನು ನೋಡಿದರೆ ಬಡಕಲು ಮನುಷ್ಯ, ಮುಂದಿನ ಹಲ್ಲೊಂದು ಇಲ್ಲ, ಒಂದು ಕಾಲು ಎಳೆದು ಹಾಕುತ್ತಿದ್ದ. ಅವಳ ಹೊಸಿಲಲ್ಲಿ ನಿಂತು, "ಅಕ್ಕಾ, ಒಳಗೆ ಬರೋಕೆ ನನಗೆ ಮುಖ ಇಲ್ಲ" ಎಂದ.

"ನನ್ನದು ಕೊಟ್ಟಿದೀನಲ್ಲಪ್ಪಾ, ಅದನ್ನೇ ಹಾಕ್ಕೊಂಡು ಬಾ" ಎಂದಳು ಕೌಕಬ. ಊರ ಹಿರಿಯರು ಒತ್ತರಿಸಿಕೊಂಡು ಬಂದ ನಗೆಯನ್ನು ಗಡ್ಡದೊಳಗೇ ನುಂಗಿಕೊಂಡರು.

ದೊಡ್ಡ ತಟ್ಟೆಯಲ್ಲಿ ಜೋಳದ ಮುದ್ದೆ, ನಡುವೆ ಕುಳಿ ಮಾಡಿ ಮಾಂಸದ ಸಾರು. ಕುಲದ ಗಂಡಸರೆಲ್ಲ ಸುತ್ತ ಕೂತು ಅತಿಥಿಯ ಜೊತೆ ಕೈಯಿಟ್ಟರು. ಒಂದೇ ತಟ್ಟೆಯ ಉಪ್ಪು ತಿಂದವನು ಆಮೇಲೆ ಅತಿಥಿಯ ಮೇಲೆ ಬಂದೂಕೆತ್ತುವಂತಿಲ್ಲ. ಕೌಕಬ ಬಾಗಿಲ ಮರೆಯಿಂದ ಒಬ್ಬೊಬ್ಬರನ್ನೇ ನೋಡಿದಳು. ನಶ್ವಾನ್ ಇರಲಿಲ್ಲ. ಅವನ ಬೆನ್ನಿಗಂಟಿಕೊಂಡೇ ಇರುವ ಹಮೂದನ ಮಗ ಜಬರಾನ್ ಕೂಡ ಇರಲಿಲ್ಲ.

"ಕೆಂಪೊಂಟೆ ತಪ್ಪಿಸ್ಕೊಂಡಿದೆಯಂತೆ, ಇಬ್ರೂ ಹುಡುಕೋಕೆ ಹೋದ್ರು" ಎಂದರು ಯಾರೋ.

ಬೆಳಿಗ್ಗೆ ಹಟ್ಟಿಗೆ ಹೋದರೆ ಕೆಂಪೊಂಟೆ ಗೂಟದಲ್ಲೇ ಮಲಗಿಕೊಂಡು ಮೆಲುಕು ಹಾಕುತ್ತಿತ್ತು. ಅದು ಎಲ್ಲಿಗೂ ಹೋಗಿ ಬಂದ ಹಾಗೆ ಕಾಣಲಿಲ್ಲ. ಅಷ್ಟರಲ್ಲಿ ನೆರೆಮನೆಯ ಹಿಂದಿಯಾ, ಮೇಯಿಸಲು ಹೊಡೆದುಕೊಂಡು ಹೋಗಿದ್ದ ಆಡುಗಳನ್ನೆಲ್ಲ ತಿರುಗಿ ಅಟ್ಟಿಕೊಂಡು ಬಂದಳು.

"ಇದೇನೇ ಇಷ್ಟು ಬೇಗ?"

"ನಿನ್ನ ಮಗನೇ ಅಂದ ಕಣಕ್ಕಾ, ಇವತ್ತು ಕಣಿವೆ ಕಡೆ ಬೇಡ ಅತ್ತೆ, ಬೇರೆ ಕಡೆ ಮೇಯಿಸ್ಕೋ ಅಂತ. ಬಂಡೆ ಮೇಲೆ ಕೂತಿದ್ರು ಇಬ್ರೂ, ದುರ್ಬೀನು ಹಿಡ್ಕೊಂಡು. ಯಾಕೆ, ನಿನಗೆ ಗೊತ್ತಿಲ್ವಾ?"

"ಗೊತ್ತಿರದೆ ಏನು" ಎಂದಳು ಕೌಕಬ.

ಹೆದರಿಕೆ ಆಯಿತು, ಆದರೆ ಕೈಕಾಲು ಕಟ್ಟುವಷ್ಟಲ್ಲ. ಅವಳು ಶಾಯಿಫನ ಪಕ್ಕದಲ್ಲಿ ಕೂತಿರುತ್ತಾಳೆ. ಮಗ ನೋಡುತ್ತಾನೆ. ಹಲ್ಲು ಕಡಿದುಕೊಂಡು ಸುಮ್ಮನಿರುತ್ತಾನೆ. ಸಂಜೆಗೆ ಬಂದು ಅವಳ ಮೇಲೆ ಹಾರಾಡುತ್ತಾನೆ, ಎರಡು ದಿನ ಊಟ ಬಿಡುತ್ತಾನೆ, ಮೂರನೆಯ ದಿನ ಹಸಿವಾಗುತ್ತದೆ. ಮಕ್ಕಳ ಸಿಟ್ಟು ಅಷ್ಟರದು. ಹೀಗೆ ತನಗೆ ತಾನೇ ಹೇಳಿಕೊಂಡು ಹೊಸ ಹಳದಿ ತಲೆವಸ್ತ್ರ ತೆಗೆದು ಹೊದ್ದಳು. ದೂರಕ್ಕೂ ಎದ್ದು ಕಾಣುವ ಬಣ್ಣ.

ಬಿಸಿಲೇರುವ ಹೊತ್ತಿಗೆ ಬಿಳಿ ಕಾರುಗಳು ಬಂದವು. ಮೂರು ದೇಶಗಳವರು ಕಳಿಸಿದ ಮುಂದಾಳು ಹೆಲೆನ್ ಎಂಬ ನರೆಗೂದಲಿನ ಹೆಂಗಸು. ಸಲಾಮು ಹೇಳಲು ಕಲಿತಿದ್ದಳು, ಹೇಳದೆಯೇ ಹೊಸಿಲಲ್ಲಿ ಚಪ್ಪಲಿ ಬಿಟ್ಟಳು, ಕಾಫಿ ಹೊಟ್ಟಿನ ಕಷಾಯವನ್ನು ಮುಖ ಕಿವಿಚದೆ ಕುಡಿದಳು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಕೌಕಬ ಅಷ್ಟು ಸುಲಭವಾಗಿ ನಂಬುತ್ತಿರಲಿಲ್ಲ. ಅವಳ ಜೊತೆ ವಜ್ದಿ ಎಂಬ ದುಭಾಷಿ, ಏಡನ್ ಕಡೆಯವನು, ಬೆವರು ಒರೆಸಿಕೊಳ್ಳುವುದೇ ಅವನ ಅರ್ಧ ಕೆಲಸ.

"ಅಮ್ಮಾ, ಮುಂದಿನ ಕಾರಲ್ಲಿ ಶಾಯಿಫ್ ಸಾಹೇಬ್ರು" ಎಂದ ವಜ್ದಿ. "ನೀವು ಹಿಂದಿನ ಕಾರಲ್ಲಿ, ಮೇಡಂ ಜೊತೆ ಆರಾಮಾಗಿ ಬನ್ನಿ ಅಂತಾರೆ."

"ನಾನ್ಯಾಕೆ ಹಿಂದೆ?"

"ಮುಂದಿನದು ಅಪಾಯದ ಕಾರಂತೆ. ಊರಿನ ಹೆಂಗಸರನ್ನ ಅದರಲ್ಲಿ ಕೂರಿಸೋ ಹಾಗಿಲ್ಲ, ಅವರ ನಿಯಮ."

"ಅಪಾಯ ಅಂತಲೇ ಅಲ್ವೇನಪ್ಪಾ ನಾನು ಬರ್ತಿರೋದು? ಮದುವೆ ದಿಬ್ಬಣಕ್ಕೆ ಹೊರಟಿದೀನಾ?"

ವಜ್ದಿ ಹೇಳಿದ, ಹೆಲೆನ್ ಮುಗುಳ್ನಕ್ಕು ಏನೋ ಹೇಳಿದಳು. "ಮೂರು ದೇಶ ಖಾತರಿ ಕೊಟ್ಟಿವೆಯಂತೆ. ನಿಮ್ಮ ಜೀವಕ್ಕೂ ಅವರೇ ಹೊಣೆಯಂತೆ."

"ಮೂರು ದೇಶ ಬಂದು ಮುಂದಿನ ಸೀಟಲ್ಲಿ ಕೂರ್ತವಾ, ಕೇಳು."

ಇದನ್ನು ವಜ್ದಿ ದಾಟಿಸಲಿಲ್ಲ. ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡ. ಹೆಲೆನ್ ಮಾತ್ರ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ನಿಯಮ ನಿಯಮವೇ.

ಆಗ ಕೌಕಬಳಿಗೆ ನಶ್ವಾನನ ಆಣೆ ಎದೆಗೆ ಒದ್ದ ಹಾಗೆ ನೆನಪಾಯಿತು. ನಿನ್ನ ಕೈ ಯಾವನ ಮೇಲಿರುತ್ತೋ. ಬೇರೆ ಕಾರಿನಲ್ಲಿ ಕೂತ ಜೊತೆಗಾತಿ ಜೊತೆಗಾತಿಯೇ ಅಲ್ಲ, ಅವಳೂ ಒಬ್ಬ ದಾರಿಹೋಕಳು. ಒಬ್ಬನೇ ಹೋಗುವ ಹಗೆಯನ್ನು ಹೊಡೆದರೆ ಅದು ಅಣ್ಣನ ರಕ್ತಕ್ಕೆ ರಕ್ತ; ಯಾವ ಮಸಿಯೂ ಇಲ್ಲ, ಆಣೆಯೂ ಮುರಿಯುವುದಿಲ್ಲ. ಈ ಕಟ್ಟಳೆಯನ್ನೆಲ್ಲ ಮಗನಿಗೆ ಕಥೆ ಮಾಡಿ ಹೇಳಿ ಕಲಿಸಿದವಳು ಅವಳೇ. ಮುಂದಿನ ಕಾರು ಕಣಿವೆಯ ಬಾಯಿಗೆ ಹೋಗುತ್ತದೆ, ಹಳದಿ ಬಟ್ಟೆ ಅದರಲ್ಲಿ ಕಾಣುವುದಿಲ್ಲ, ಹುಡುಗ ಬಂದೂಕು ಎತ್ತುತ್ತಾನೆ. ಆಮೇಲೆ ಹಿರಿಯರು ಕೂತು, ಮುಖ ಕೊಟ್ಟದ್ದು ಕೊಟ್ಟದ್ದೇ, ಯಾವ ಕಾರಾದರೇನು ಎಂದರೆ? ಹಮೂದನೇ ಎದ್ದು ಅಳಿಯನ ಎದೆಗೆ ಗುಂಡಿಡಬೇಕಾಗುತ್ತದೆ. ಅಥವಾ ಶಾಯಿಫನ ಜನ ಬೆಟ್ಟ ಇಳಿದು ಬಂದು ಆ ಕೆಲಸ ಮಾಡುತ್ತಾರೆ. ಹೇಗೆ ಎಣಿಸಿದರೂ ಮಗ ಉಳಿಯುವುದಿಲ್ಲ.

ಶಾಯಿಫ್ ಒಳಗೆ ಕೂತು ಕಷಾಯ ಕುಡಿಯುತ್ತಿದ್ದ. ಅವನಿಗೆ ಒಂದು ಮಾತು ಹೇಳಿದ್ದರೆ ಅವನೇ ಪಟ್ಟು ಹಿಡಿಯುತ್ತಿದ್ದ, ಕೌಕಬ ಇಲ್ಲದೆ ಕಾರು ಹತ್ತುತ್ತಿರಲಿಲ್ಲ. ಆದರೆ ಅದನ್ನು ಹೇಳುವುದು ಹೇಗೆ? ನನ್ನ ನೆಲದಲ್ಲಿ ನಿನಗೆ ಭಯವಿದೆ ಎಂದು ಅತಿಥಿಗೆ ಹೇಳುವ ಮನೆ ನಮ್ಮಲ್ಲಿ ಮನೆಯೇ ಅಲ್ಲ. ಪ್ರಾಣ ಹೋದರೂ ಅವನ ಕಿವಿಗೆ ಆ ಮಾತು ಬೀಳಬಾರದು. ಹೊರಗಿನವಳಿಗೆ ಹೇಳಬಹುದು. ಅವಳಿಗೆ ಈ ಮಾನ ಅವಮಾನದ ಹಂಗಿಲ್ಲ. ಕೌಕಬ ಹೀಗೆ ಯೋಚಿಸಿದಳು. ಅವಳ ಜಾಗದಲ್ಲಿ ನಮ್ಮ ಕಡೆಯ ಯಾವ ಹೆಂಗಸಾಗಿದ್ದರೂ ಹೀಗೆಯೇ ಯೋಚಿಸುತ್ತಿದ್ದಳು, ಅದೇ ನನಗೆ ಇವತ್ತಿಗೂ ಸಂಕಟ.

ಹೆಲೆನಳ ಕೈ ಹಿಡಿದು ಒಳಮನೆಗೆ ಕರೆದುಕೊಂಡು ಹೋದಳು. ವಜ್ದಿ ಹೊಸಿಲಾಚೆ ಬೆನ್ನು ತಿರುಗಿಸಿ ನಿಂತ.

"ಹೇಳಪ್ಪಾ ಅವಳಿಗೆ. ಕಣಿವೆ ಬಾಯಲ್ಲಿ ಬಂಡೆ ಮೇಲೆ ನಮ್ಮ ಹುಡುಗರು ಕೂತಿದಾರೆ. ಕೈಯಲ್ಲಿ ಬಂದೂಕಿದೆ. ನಾನು ಮುಂದಿನ ಕಾರಲ್ಲಿ ಕಂಡ್ರೆ ಅವರು ಎದ್ದು ಮನೆಗೆ ಬರ್ತಾರೆ, ಅಷ್ಟೇ. ಕಾಣದಿದ್ರೆ ನಾನು ಹೊಣೆ ಅಲ್ಲ."

ವಜ್ದಿ ಒಂದಕ್ಷರ ಬಿಡದೆ ಹೇಳಿದ. ಹೆಲೆನಳ ಮುಖ ಬಿಳಿಚಿತು. ಎರಡೂ ಕೈಯಿಂದ ಕೌಕಬಳ ಕೈ ಹಿಡಿದುಕೊಂಡಳು.

"ಬಹಳ ದೊಡ್ಡ ಮಾತು ಹೇಳಿದ್ರಿ, ನಿಮ್ಮ ಉಪಕಾರ ಮರೆಯಲ್ಲ ಅಂತಾರೆ."

"ಉಪಕಾರ ಇರಲಿ. ಈ ಮಾತು ಈ ಗೋಡೆ ದಾಟಬಾರದು ಅಂತ ಹೇಳು."

ಹೆಲೆನ್ ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸಿದಳು. ಮುಂದಿನ ಕಾರಿನಲ್ಲಿ ಕೂರಲು ಒಪ್ಪಿಗೆಯನ್ನೂ ಕೊಟ್ಟಳು. ಸುಳ್ಳಾಡಿದಳೆಂದು ನಾನು ಹೇಳುವುದಿಲ್ಲ. ಅವರ ಲೋಕದಲ್ಲಿ ಮೇಲಿನವರಿಗೆ ತಿಳಿಸುವುದು ಗುಟ್ಟು ಬಿಟ್ಟುಕೊಟ್ಟಂತಲ್ಲ, ಅದು ಕೆಲಸ. ಹೊರಗೆ ಹೋದವಳೇ ಕಾರಿನ ಹಿಂಬದಿಗೆ ಸರಿದು, ಫೋನು ಕಿವಿಗಿಟ್ಟುಕೊಂಡು, ಕಣಿವೆಯ ಕಡೆ ನೋಡುತ್ತ ಮಾತಾಡತೊಡಗಿದಳು.

ಕೌಕಬ ಅದನ್ನು ಗಮನಿಸಲೇ ಇಲ್ಲ. ಗೆದ್ದ ಖುಷಿ. ಶಾಯಿಫನನ್ನು ಕರೆತಂದು ಕಾರಿನಲ್ಲಿ ಕೂರಿಸಿದಳು. ನೋಡಿದರೆ ಕಾರಿನ ಗಾಜೆಲ್ಲ ಕಪ್ಪು. ಒಳಗೆ ಕೂತರೆ ಮಗನಿಗಿರಲಿ, ಜಿಬ್ರೀಲ್ ದೇವದೂತನಿಗೂ ಕಾಣುವ ಹಾಗಿರಲಿಲ್ಲ. ಅದಕ್ಕೇ ಬಾಗಿಲು ತೆರೆದಿಟ್ಟು ಮೆಟ್ಟಿಲ ಮೇಲೆ ಹತ್ತಿ ನಿಂತಳು. ಒಂದು ಕೈ ಶಾಯಿಫನ ಹೆಗಲ ಮೇಲೆ, ಇನ್ನೊಂದು ಕೈಯಲ್ಲಿ ಹಳದಿ ವಸ್ತ್ರದ ಅಂಚು ಹಿಡಿದು ಗಾಳಿಗೆ ಬಿಟ್ಟಳು. ಕಣಿವೆಯ ಬಾಯಿ ಎದುರಿಗೇ ಇತ್ತು. ನೋಡೋ, ಚೆನ್ನಾಗಿ ನೋಡು, ನನ್ನ ಕೈ ಎಲ್ಲಿದೆ ನೋಡು ಎಂದು ಮನಸ್ಸಿನಲ್ಲೇ ಮಗನಿಗೆ ಹೇಳಿದಳು.

"ಏನಕ್ಕಾ, ಬಾವುಟ ಆಗ್ಬಿಟ್ಯಲ್ಲ" ಎಂದ ಶಾಯಿಫ್.

"ಅವರ ಕಾರಿಗೆ ಅವರ ಬಾವುಟ ಇದೆ. ನಿನಗೆ ಬೇಡ್ವಾ ಒಂದು?"

ಹೊರಡುವ ಸೂಚನೆಯೇ ಕಾಣಲಿಲ್ಲ. ಡ್ರೈವರನನ್ನು ಕೇಳಿದರೆ, "ಇನ್ನೂ ಅಪ್ಪಣೆ ಬಂದಿಲ್ಲಮ್ಮಾ" ಎಂದ. ಒಳ್ಳೆಯದೇ ಆಯಿತು, ಮಗನಿಗೆ ನೋಡಲು ಇನ್ನಷ್ಟು ಹೊತ್ತು ಸಿಕ್ಕಿತು ಎಂದುಕೊಂಡಳು. ಮೇಲೆ ಆಕಾಶದಲ್ಲೆಲ್ಲೋ ಡ್ರೋನು ಗುಂಯ್ಗುಟ್ಟುತ್ತಿತ್ತು. ನಮ್ಮವರು ಅದನ್ನು ಗುಂಗಿ ಎಂದು ಕರೆಯುತ್ತಾರೆ. ವರ್ಷಗಳಿಂದ ಇರುವುದೇ ಆದ್ದರಿಂದ ಯಾರೂ ತಲೆಯೆತ್ತಿ ನೋಡುವುದಿಲ್ಲ. ಅಂದು ದನಿ ಸ್ವಲ್ಪ ಕೆಳಗಿಳಿದ ಹಾಗಿತ್ತು. ಅಂಗಳದ ಕೋಳಿಗಳು ಗೋಡೆಯ ಬುಡಕ್ಕೆ ಸೇರಿಕೊಂಡವು.

ಶಾಯಿಫ್ ಸಣ್ಣ ದನಿಯಲ್ಲಿ ಹೇಳಿದ, "ಅಕ್ಕಾ, ಒಂದು ಮಾತು. ನಿನ್ನ ಹಿಜಾಮ್‌ಗೆ ತಾಗಿದ ಗುಂಡು ನನ್ನ ಬಂದೂಕಿಂದ ಬಂದಿದ್ದಲ್ಲ. ಆದ್ರೆ ನಿಲ್ಲದ ಗಾಡಿಗೆ ಹೊಡೀರಿ ಅಂದ ಮಾತು ನಂದೇ. ಅದಕ್ಕೇ ನಿನ್ನ ಮುಖ ಕೇಳಿದೆ. ನೀನು ಬೇಡ ಅಂದಿದ್ರೆ ನಾನು ಸಾಯೋತನಕ ಬೆಟ್ಟ ಇಳೀತಿರಲಿಲ್ಲ."

"ಈಗ್ಯಾಕಪ್ಪಾ ಅದು."

"ಇವತ್ತು ಏನಾದ್ರೂ ಬಗೆಹರಿದ್ರೆ, ಆ ಆಜ್ಞೆ ಹಿಂದಕ್ಕೆ ತಗೋತೀನಿ. ಮೊದಲು ಅದನ್ನೇ."

ಕೌಕಬಳ ಕಣ್ಣು ತುಂಬಿತು. ಬೈಯಬೇಕೋ ಹರಸಬೇಕೋ ತಿಳಿಯದೆ ಅವನ ಹೆಗಲನ್ನು ಇನ್ನೂ ಗಟ್ಟಿಯಾಗಿ ಹಿಡಿದಳು.

ಆಗ ಶಬ್ದವಾಯಿತು. ಒಂದು, ಅದರ ಬೆನ್ನಿಗೇ ಇನ್ನೊಂದು. ಕಾರಿನ ಮೆಟ್ಟಿಲು ಅವಳ ಕಾಲ ಕೆಳಗೆ ನಡುಗಿತು. ಕಾಗೆಗಣಿವೆಯ ಬಾಯಿಂದ ಧೂಳು ಎದ್ದು ನಿಂತಿತು.

ಶಾಯಿಫ್ ಕಠಾರಿಗೆ ಕೈ ಹಾಕಿದ. "ಮೋಸ! ಯಾರದಕ್ಕಾ ಅದು?"

"ನಮ್ಮ ಹುಡುಗರದಲ್ಲ" ಎಂದಳು. "ನಮ್ಮ ಹುಡುಗರ ಹತ್ರ ಅಂಥಾದ್ದು ಇಲ್ಲ." ಹೇಳುತ್ತಲೇ ತಲೆಯೆತ್ತಿ ಆಕಾಶ ನೋಡಿದಳು.

ವೈರ್‌ಲೆಸ್ಸಿನಲ್ಲಿ ಯಾರೋ ನಾಲ್ಕು ಮಾತು ಆಡಿದರು. ವಜ್ದಿ ಬಂದು ಅವಳ ಮುಖ ನೋಡದೆ ನೆಲ ನೋಡಿಕೊಂಡು ಹೇಳಿದ, "ದಾರಿ ಸರಿಯಾಯ್ತಂತೆ. ಹೊರಡಬಹುದಂತೆ."

ಊರಿಂದ ಕಣಿವೆಗೆ ದೂರವಿಲ್ಲ. ಆ ದಾರಿಯುದ್ದಕ್ಕೂ ಕೌಕಬ ಒಂದೇ ಮಾತನ್ನು ಹಿಡಿದುಕೊಂಡು ಕೂತಿದ್ದಳು: ಏಟು ತಿಂದವರು ಬೇರೆ ಯಾರೋ ಇರಬೇಕು, ಬಂಡೆಗೆ ಗುರಿಯಿಟ್ಟಿದ್ದರೂ ಹುಡುಗರು ಅಷ್ಟರಲ್ಲಿ ಎದ್ದು ಬಂದಿರಬೇಕು. ಅದು ನಿಜವೇ ಆಗಿತ್ತು. ಅವರು ಎದ್ದು ಬಂದಿದ್ದರು. ಅವಳು ಕೇಳಿಕೊಂಡದ್ದು ಅಷ್ಟೂ ಆಗಿತ್ತು.

ಕಣಿವೆಯ ಬಾಯಲ್ಲಿ ದಾರಿಗೆ ಕಲ್ಲು ಉರುಳಿ ಬಿದ್ದಿತ್ತು, ಕಾರು ನಿಂತಿತು. ಬಂಡೆಯ ಮೇಲೇನೂ ಆಗಿರಲಿಲ್ಲ. ಸುಟ್ಟು ಕಪ್ಪಾಗಿದ್ದು ಬಂಡೆಯಿಂದ ಇಳಿದು ಊರಿಗೆ ಬರುವ ಕಾಲುದಾರಿ. ಅದರ ಪಕ್ಕದಲ್ಲಿ ಜಬರಾನ್ ಕೂತಿದ್ದ. ಕಿವಿಯಿಂದ ರಕ್ತ ಇಳಿದು ಅಂಗಿ ನೆನೆದಿತ್ತು. ಅವನ ಮುಂದೆ, ಅವನದೇ ಶಾಲು ಹೊದಿಸಿ ಒಬ್ಬನನ್ನು ಮಲಗಿಸಿದ್ದ. ಶಾಲು ಗಿಡ್ಡವಾಗಿತ್ತು, ಕಾಲು ಹೊರಗಿದ್ದವು. ಮಗನ ಕಾಲು ಯಾವ ತಾಯಿಗೆ ಗುರುತು ಸಿಗುವುದಿಲ್ಲ?

ಕೌಕಬ ಕಾರಿಂದ ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಮಣ್ಣಿನಲ್ಲಿ ಕೂತು ಆ ಕಾಲು ಹಿಡಿದುಕೊಂಡಳು. ಇನ್ನೂ ಬಿಸಿ ಇತ್ತು.

"ಅತ್ತೆ" ಎಂದ ಜಬರಾನ್, ಕಿವಿ ಕೇಳಿಸದವರ ಹಾಗೆ ಜೋರಾಗಿ. "ನಾವು ಎದ್ದು ಬರ್ತಾ ಇದ್ವಿ ಅತ್ತೆ. ದುರ್ಬೀನಲ್ಲಿ ನೀನು ಕಂಡೆ. ಅವನು ಬಂದೂಕು ಇಳಿಸಿದ. ಅವ್ವ ಕೈ ಇಟ್ಬಿಟ್ಲು, ನಡಿಯೋ ಮನೆಗೆ ಅಂದ. ನಗ್ತಾ ಇದ್ದ ಅತ್ತೆ. ನಿನ್ನನ್ನ ನೋಡಿ ಬಾವುಟದ ಕಂಬ ಅಂತ ನಕ್ಕ. ನಾನು ಹಿಂದೆ ಇದ್ದೆ, ಚಪ್ಪಲಿ ಬಾರು ಕಿತ್ತೋಯ್ತು ಅಂತ ಕೂತೆ. ಅಷ್ಟೇ."

ಹೆಲೆನ್ ಹಿಂದಿನ ಕಾರಿಂದ ಇಳಿದು ಬಂದಿದ್ದಳು. ಶಾಲನ್ನೂ ಕೌಕಬಳನ್ನೂ ನೋಡಿ ಅವಳಿಗೆ ಏನೋ ಅರ್ಥವಾದ ಹಾಗಿತ್ತು, ಪೂರ್ತಿ ಆಗಿರಲಿಲ್ಲ. ವಜ್ದಿ ಕಡೆ ತಿರುಗಿ ಏನೋ ಹೇಳಿದಳು. ವಜ್ದಿ ಬಾಯಿ ಬಿಡಲಿಲ್ಲ. ಅವಳು ಮತ್ತೆ ಹೇಳಿದಳು.

"ಹೇಳು" ಎಂದಳು ಕೌಕಬ.

"ಬೇಡಮ್ಮಾ."

"ಹೇಳೋ!"

"ಬಹಳ ದುಃಖ ಆಗಿದೆಯಂತೆ. ಇವರು ನಿಮ್ಮ ಮನೆಯವರೇ ಅಂತ ಅವರಿಗೆ ಗೊತ್ತಿರಲಿಲ್ವಂತೆ. ಅವರು ಮೇಲಿನವರಿಗೆ ತಿಳಿಸಿದ್ದು ಮಾತ್ರ, ಹೊಡೆದೋರು ಬೇರೆಯಂತೆ." ವಜ್ದಿ ಬೆವರು ಒರೆಸಿಕೊಂಡ. "ನೀವು ಹೇಳಿದ ಮಾತಿಂದ ತುಂಬ ಜನದ ಜೀವ ಉಳೀತಂತೆ."

ಹೆಲೆನಳ ಕಣ್ಣಲ್ಲಿ ನೀರಿತ್ತು. ಅವಳ ಮಟ್ಟಿಗೆ ಅದು ಸಮಾಧಾನದ ಮಾತೇ ಆಗಿತ್ತು.

ಜಬರಾನನಿಗೆ ಅರ್ಧ ಕಿವಿ ಕೇಳಿಸುತ್ತಿತ್ತು. ಆ ಅರ್ಧ ಸಾಕಾಯಿತು. ನಿಧಾನವಾಗಿ ಎದ್ದು ನಿಂತ. "ಏನಂದ ಅವನು? ನೀನು ಹೇಳಿದ ಮಾತಿಂದ ಅಂದ್ನಾ? ನೀನಾ ಅತ್ತೆ? ನಮ್ಮನ್ನ ತೋರಿಸಿಕೊಟ್ಟಿದ್ದು ನೀನಾ?"

ಕೌಕಬ ಮಗನ ಕಾಲಿನಿಂದ ಕೈ ತೆಗೆಯಲಿಲ್ಲ. ಉಳಿಸಲು ಹೇಳಿದೆ ಎನ್ನಬಹುದಿತ್ತು. ಹಾಗಲ್ಲ, ಹೀಗೆ ಎನ್ನಬಹುದಿತ್ತು. "ಹೂಂ ಕಣಪ್ಪಾ. ನಾನೇ" ಎಂದಳು.

ಜಬರಾನ್ ಅವಳನ್ನು ನೋಡಿದ, ಆಮೇಲೆ ಅವಳ ಹಿಂದೆ ನಿಂತಿದ್ದ ಶಾಯಿಫನನ್ನು ನೋಡಿದ. ಬಿದ್ದಿದ್ದ ಬಂದೂಕು ಅವನ ಕಾಲ ಬಳಿಯೇ ಇತ್ತು. ಮೇಲೆ ಗುಂಗಿ ಸುತ್ತುತ್ತಲೇ ಇತ್ತು.

ಶಾಯಿಫ್ ಸೊಂಟದ ಪಟ್ಟಿ ಬಿಚ್ಚಿ ಕಠಾರಿಯನ್ನು ಕೌಕಬಳ ಮುಂದೆ ನೆಲದ ಮೇಲಿಟ್ಟ. ತಪ್ಪೊಪ್ಪುವ ಗಂಡಸು ಇಡುವ ಹಾಗೆ, ಹಿಡಿಯನ್ನು ಅವಳ ಕಡೆಗೆ ಮಾಡಿ. "ಅಕ್ಕಾ, ಇವನ ರಕ್ತಾನೂ ನನ್ನ ತಲೆ ಮೇಲೇ. ನಿನ್ನ ಮುಖ ನಿನಗೆ ವಾಪಸ್ ಕೊಟ್ಟೆ. ನೀನು ಮಗನ ಹತ್ರ ಇರು. ನಾನು ನಡ್ಕೊಂಡು ಬೆಟ್ಟಕ್ಕೆ ಹೋಗ್ತೀನಿ."

"ಇಲ್ಲಿಂದ ಗಡಿಗಲ್ಲಿನ ತನಕ ಒಬ್ಬನೇ ಹೋಗ್ತೀಯಾ?" ಎಂದಳು ಕೌಕಬ. ಅವಳ ದನಿ ಅವಳದಾಗಿರಲಿಲ್ಲ. "ಈ ಹುಡುಗ ನಿನ್ನ ಬಿಡ್ತಾನಾ? ಬಿಟ್ರೆ ಅವನ ಹಿಂದೆ ಇನ್ನೊಬ್ಬ. ನಿನಗೆ ಹೊಡೆದ ತಪ್ಪಿಗೆ ಹಮೂದಣ್ಣ ತನ್ನ ಮಗನ್ನ ಹೊಡೀಬೇಕು. ಸಾಕು. ಇವತ್ತಿಗೆ ಒಂದು ಮನೆ ಸಾಕು. ನಾನು ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳೋಳಲ್ಲ. ಎತ್ತಿಕೋ ಅದನ್ನ. ಹತ್ತು ಕಾರು."

"ಅಕ್ಕಾ..."

"ಹತ್ತು ಅಂದೆ."

ಎದ್ದಳು. ಹಳದಿ ತಲೆವಸ್ತ್ರ ತೆಗೆದು ಮಗನ ಕಾಲಿಗೆ ಹೊದಿಸಿದಳು. ಶಾಲು ಸರಿಸಿ ಮುಖ ನೋಡಲು ಬಗ್ಗಿದವಳು, ಜಬರಾನ್ ಕೈ ಅಡ್ಡ ಹಿಡಿದದ್ದು ನೋಡಿ, ಏನೂ ಉಳಿದಿಲ್ಲವೆಂದು ತಿಳಿದು ನಿಂತುಬಿಟ್ಟಳು. ಆಮೇಲೆ ಮುಂದಿನ ಕಾರಿನ ಮೆಟ್ಟಿಲು ಹತ್ತಿ, ಬರಿದಲೆಯಲ್ಲೇ, ಮೊದಲಿನ ಹಾಗೆ ನಿಂತು ಶಾಯಿಫನ ಹೆಗಲ ಮೇಲೆ ಕೈಯಿಟ್ಟಳು. ಹೆಂಗಸಿನ ತಲೆ ಕಂಡು ಡ್ರೈವರನೂ ವಜ್ದಿಯೂ ಮುಖ ತಿರುಗಿಸಿದರು.

ಬಂದೂಕನ್ನು ಜಬರಾನ್ ಮುಟ್ಟಲಿಲ್ಲ. ಅತ್ತೆ ಕಾರಿನಲ್ಲಿ ನಿಂತಿದ್ದಳು, ಅವಳ ಕೈ ಅವನ ಹಗೆಯ ಮೇಲಿತ್ತು, ಅವನು ಈ ನೆಲದಲ್ಲಿ ಹುಟ್ಟಿದವನು. ಬಿದ್ದ ಕಲ್ಲುಗಳನ್ನು ತಾನೇ ದಾರಿಯಿಂದ ಒಂದೊಂದಾಗಿ ಸರಿಸತೊಡಗಿದ. ಅವಳ ಕಡೆ ಒಮ್ಮೆಯೂ ನೋಡಲಿಲ್ಲ, ಮುಂದೆಂದೂ ನೋಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ದಾರಿ ಬಿಡುವಾದಾಗ ಕೌಕಬ ಅವನಿಗೆ ಕೇಳಿಸುವ ಹಾಗೆ ಕೂಗಿ ಹೇಳಿದಳು. "ಅಪ್ಪನಿಗೆ ಹೇಳು ಜಬರಾನ್, ನನಗೋಸ್ಕರ ಕಾಯೋದು ಬೇಡ. ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬಿಡಿ. ನನ್ನ ಅತಿಥಿ ಇನ್ನೂ ಮನೆ ಮುಟ್ಟಿಲ್ಲ."